ಬರಿಗೈ ರಾಯರ ದಿಣ್ಣೆ

ಬೋಳು ಗುಡ್ಡದ ಮೈತುಂಬ ಗೂಟಗಳು, ಗೂಟದ ನೆತ್ತಿಗೊಂದು ಕೆಂಪು ಬಟ್ಟೆಯ ಚೂರು. ಆ ಕಾಲವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣಿಸುವುದು ಇದೇ. ಸಂಜೆಯ ಗಾಳಿಗೆ ಅವೆಲ್ಲ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಡೇರೆಯ ಬಾಗಿಲಲ್ಲಿ ಕುಳಿತು ನೋಡಿದರೆ, ಯಾರೋ ಗುಡ್ಡಕ್ಕೆ ಹೊಲಿಗೆ ಹಾಕಲು ಹೊರಟು, ಅರ್ಧಕ್ಕೇ ಬೇಸರವಾಗಿ ಎದ್ದುಹೋದ ಹಾಗೆ ಕಾಣುತ್ತಿತ್ತು. ಅವನ್ನು ನೆಟ್ಟವನು ನಾನೇ. ಹೇಳಿಕೇಳಿ ನಾನು ಸರ್ವೆಯವನು. ಗೂಟ ನೆಡುವುದು ನನ್ನ ಕೆಲಸ, ಗೂಟದ ಕೆಳಗೆ ಏನಿದೆಯೆಂಬ ಚಿಂತೆ ಬೇರೆಯವರದು ಎಂದುಕೊಂಡು ಹಾಯಾಗಿದ್ದವನು. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಯಾಕೆಂದು ಕತೆ ಮುಗಿಯುವುದರೊಳಗೆ ನಿಮಗೇ ಗೊತ್ತಾಗುತ್ತದೆ.

ಚಿನ್ನ ಹುಡುಕುವವರೆಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನನ್ನ ಮಾವನವರಂತೂ ನಾನು ದಿನಾ ಸಂಜೆ ಜೇಬು ಕೊಡವಿಕೊಂಡು ಮಲಗುತ್ತೇನೆಂದೇ ನಂಬಿದ್ದರು. ಶುರುವಿನ ಹುಡುಕಾಟದಲ್ಲಿ ಚಿನ್ನ ಕಣ್ಣಿಗೆ ಬೀಳುವುದೇ ಇಲ್ಲ ಸ್ವಾಮಿ. ಗುಡ್ಡದ ಉದ್ದಗಲಕ್ಕೆ ಗೆರೆ ಎಳೆಯಬೇಕು, ಗೆರೆಯ ಮೇಲೆ ಗೂಟ ನೆಡಬೇಕು, ಒಂದೊಂದು ಗೂಟದ ಬುಡದಲ್ಲೂ ಮೊಣಕಾಲುದ್ದ ಗುಣಿ ತೋಡಿ ಬೊಗಸೆ ಮಣ್ಣು ತೆಗೆಯಬೇಕು. ಅದನ್ನು ಜರಡಿ ಹಿಡಿದು, ಬಟ್ಟೆಯ ಚೀಲಕ್ಕೆ ತುಂಬಿ, ದೂರದ ಪ್ರಯೋಗಶಾಲೆಗೆ ಕಳಿಸಬೇಕು. ಆಮೇಲೆ ಕೈಕಟ್ಟಿ ಕಾಯಬೇಕು. ಬರುವ ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಏನೂ ಇಲ್ಲ. ಆಗ ಗೂಟ ಕಿತ್ತು ಇನ್ನೊಂದು ಗುಡ್ಡಕ್ಕೆ ಹೋಗಬೇಕು.

ಹಾಗೆ ಗುಡ್ಡದಿಂದ ಗುಡ್ಡಕ್ಕೆ ಅಲೆದು ತಲೆ ನೆರೆತವರು ಮುಕುಂದರಾಯರು. ನಮ್ಮ ಶಿಬಿರಕ್ಕೆ ಅವರೇ ಹಿರಿಯರು, ಭೂವಿಜ್ಞಾನ ಓದಿದವರು. ಕೋಲಿನಂಥ ಆಳು, ಬಿಸಿಲಿಗೆ ಸುಟ್ಟು ಕರಿಯಾದ ಕುತ್ತಿಗೆ. ಕಲ್ಲು ಒಡೆದ ಕೂಡಲೇ ಅದನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ ನೋಡುವ ಅಭ್ಯಾಸ ಅವರಿಗೆ. ಒದ್ದೆ ಕಲ್ಲಿನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದಂತೆ. ಉಪ್ಪು ಸಾಕೇ ರಾಯರೇ ಎಂದು ನಾನು ಚೇಷ್ಟೆ ಮಾಡಿದರೆ, ಸ್ವಲ್ಪ ಸಪ್ಪೆ ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅದೃಷ್ಟ ಮಾತ್ರ ಅವರ ಕಡೆ ತಿರುಗಿಯೂ ನೋಡಿರಲಿಲ್ಲ. ಅವರು ನೋಡಿದ ಯಾವ ಗುಡ್ಡದಲ್ಲೂ ಗಣಿ ಆಗಲಿಲ್ಲ. ಅವರ ಕೈಕೆಳಗೆ ಕಲಿತ ಹುಡುಗರೆಲ್ಲ ಒಂದೊಂದು ಗಣಿಗೆ ಹೆಸರು ಹಚ್ಚಿಕೊಂಡು ಮೇಲೆ ಹೋಗಿದ್ದರು. ಕಚೇರಿಯಲ್ಲಿ ರಾಯರಿಗೆ ಬೆನ್ನ ಹಿಂದೆ ಇಟ್ಟ ಹೆಸರು ಬರಿಗೈ ರಾಯರು. ಅದು ಅವರ ಕಿವಿಗೂ ಬಿದ್ದಿತ್ತು.

ಆ ಗುಡ್ಡವೇ ಅವರ ಕೊನೆಯದು. ಮಳೆಗಾಲಕ್ಕೆ ಮುಂಚೆ ಏನಾದರೂ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಶಿಬಿರ ಎತ್ತಿ ರಾಯರನ್ನು ಮನೆಗೆ ಕಳಿಸುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ಮನೆಯೆಂದರೆ ಯಾವ ಮನೆ? ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಡೇರೆಯೇ ಅವರ ಮನೆ. ಒಂದು ಸಂಜೆ ಚಹಾ ಕುಡಿಯುತ್ತ ಅವರೇ ನನ್ನೊಡನೆ ಹೇಳಿಕೊಂಡರು. ತಮಗೆ ಬಡ್ತಿ ಬೇಡ, ಸನ್ಮಾನವೂ ಬೇಡ, ಇಷ್ಟು ವರ್ಷ ನೆಲ ಕೆದರಿದ್ದಕ್ಕೆ ಒಂದೇ ಒಂದು ಕಡೆ ನೆಲ ತಮ್ಮ ಮಾತಿಗೆ ಹೂಂ ಅಂದರೆ ಸಾಕು ಎಂದರು. ಹೇಗಾದರೂ ಈ ಮನುಷ್ಯನಿಗೆ ಒಂದು ಗುಡ್ಡ ಸಿಗಲಪ್ಪ ಎಂದು ಅಂದಿನಿಂದ ನಾನೂ ಬೇಡಿಕೊಳ್ಳತೊಡಗಿದೆ.

ನಮಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಗುಡ್ಡದ ಬುಡದ ಊರಿನ ಹುಲಿಗೆವ್ವ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಗಟ್ಟಿ ಬಾಯಿ. ರೊಟ್ಟಿ ಬಡಿಯುವ ಸದ್ದಿಗಿಂತ ಅವಳ ಮಾತಿನ ಸದ್ದೇ ಜೋರು. ರಾಯರು ಊಟ ಬಿಟ್ಟು ನಕಾಶೆಯ ಮುಂದೆ ಕುಳಿತರೆ, ಕಲ್ಲು ನೆಕ್ಕಿದರೆ ಹೊಟ್ಟೆ ತುಂಬುತ್ತದೇನು ಎಂದು ಗದರಿ ತಟ್ಟೆ ಮುಂದಿಡುತ್ತಿದ್ದಳು. ಅವರು ನಕಾಶೆ ಮಡಚಿಟ್ಟು ಉಣ್ಣುತ್ತಿದ್ದರು.

ಗೆರೆ ಎಳೆಯುವ ಮೊದಲು ರಾಯರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಊರಿನ ಹಿರಿಯರನ್ನು ಕೂಡಿಸಿ, ಗುಡಿ ಎಲ್ಲಿ, ನಾಗರಕಲ್ಲು ಎಲ್ಲಿ, ಸುಡುಗಾಡು ಎಲ್ಲಿ ಎಂದು ಕೇಳಿ, ಆ ಜಾಗಗಳನ್ನು ಬಿಟ್ಟೇ ಗೂಟ ಹಾಕಿಸುತ್ತಿದ್ದರು. ಇಲ್ಲೂ ಕೇಳಿದರು. ಹಿರಿಯರು ಸಂಕೋಚವಿಲ್ಲದೆ ಎಲ್ಲವನ್ನೂ ತೋರಿಸಿದರು. ಸುಡುಗಾಡು ಹಳ್ಳದ ಆಚೆ ಇತ್ತು, ನಮ್ಮ ಗುಡ್ಡಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹೀಗಾಗಿ ನಾವು ನಿಶ್ಚಿಂತೆಯಿಂದ ಕೆಲಸ ಶುರುಮಾಡಿದೆವು.

ಗುಡ್ಡದ ಪಡುವಣ ಮಗ್ಗುಲಲ್ಲಿ ಒಂದು ಸಣ್ಣ ದಿಣ್ಣೆಯಿತ್ತು. ಉಳಿದ ಕಡೆ ಬರೀ ಕಲ್ಲು, ಅಲ್ಲಿ ಮಾತ್ರ ಮೆತ್ತನೆ ಮಣ್ಣು, ಒತ್ತೊತ್ತಾಗಿ ತಂಗಡಿ ಗಿಡ. ನಮ್ಮ ಗೆರೆ ಆ ದಿಣ್ಣೆಯನ್ನು ಮುಟ್ಟಿದ ದಿನವೇ ಆಳುಗಳಿಗೆ ಏನಾಯಿತೋ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನ ಎತ್ತಿಗೆ ಕಾಲುಬೇನೆ, ಮತ್ತೊಬ್ಬನ ಮನೆಗೆ ಬೀಗರು. ಒಬ್ಬನೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸೋಮಾರಿ ಸೂಳೆಮಕ್ಕಳು ಎಂದು ಬಾಯಿಗೆ ಬಂದಂತೆ ಬೈದೆ. ರಾಯರು ಮಾತ್ರ ತಣ್ಣಗೆ ಗುದ್ದಲಿ ಎತ್ತಿಕೊಂಡು, ಬಿಡಿ ಸರ್ವೆಯವರೇ, ಇಷ್ಟು ಗುಣಿ ನಾನೇ ತೋಡಬಲ್ಲೆ ಎಂದು ಹೊರಟರು. ನಾನು ಗೂಟ ನೆಟ್ಟೆ, ಅವರು ತೋಡಿದರು, ಅವರೇ ಜರಡಿ ಹಿಡಿದರು. ದಿಣ್ಣೆ ದಾಟಿದ ಮರುದಿನ ಆಳುಗಳೆಲ್ಲ ಏನೂ ಆಗಿಲ್ಲವೆಂಬಂತೆ ಬಂದು ನಿಂತರು. ಯಾರೂ ಕಣ್ಣೆತ್ತಿ ನಮ್ಮ ಮುಖ ನೋಡಲಿಲ್ಲ. ನಾಚಿಕೆ ಇರಬೇಕೆಂದುಕೊಂಡೆ.

ಪ್ರಯೋಗಶಾಲೆಯ ಉತ್ತರ ಬೇಸಿಗೆ ಏರುವ ಹೊತ್ತಿಗೆ ಬಂತು. ಇಡೀ ಗುಡ್ಡಕ್ಕೆ ಏನೂ ಇಲ್ಲ. ಆ ದಿಣ್ಣೆಯ ಗೂಟಗಳಲ್ಲಿ ಮಾತ್ರ ಚಿನ್ನ. ಚಿನ್ನದ ಜೊತೆಗೆ ತಾಮ್ರ. ರಾಯರು ಕಾಗದವನ್ನು ನನ್ನ ಕೈಗೆ ಕೊಟ್ಟು, "ನನಗೆ ಕಾಣುತ್ತಿರುವುದೇ ನಿಮಗೂ ಕಾಣುತ್ತಿದೆಯೇ ನೋಡಿ" ಎಂದರು. ನಾನು ಓದಿ ಹೌದೆಂದಾಗ ಡೇರೆಯ ಹಿಂದೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಾಗಿದ್ದವು. ನನಗೂ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆ ದಿನ ರಾಯರೇ ಹೋಗಿ ದಿಣ್ಣೆಯ ಗೂಟಗಳಿಗೆಲ್ಲ ಹೊಸ ಕೆಂಪು ಬಟ್ಟೆ ಕಟ್ಟಿ ಬಂದರು. ದೂರದಿಂದ ಅವು ಹಣೆಗೆ ಇಟ್ಟ ಕುಂಕುಮದ ಹಾಗೆ ಕಾಣುತ್ತಿದ್ದವು.

ಹುಲಿಗೆವ್ವನಿಗೆ ಗೋಧಿ ಹುಗ್ಗಿ ಮಾಡಲು ಹೇಳಿದರು. ಅವಳು ಏನು ವಿಶೇಷ ಎಂದು ಕೇಳಿದಳು. ರಾಯರು ಮಗುವಿನ ಉತ್ಸಾಹದಲ್ಲಿ ದಿಣ್ಣೆಯ ಕಡೆ ಕೈತೋರಿಸಿ ಎಲ್ಲವನ್ನೂ ವಿವರಿಸಿದರು. ಅವಳ ಕೈಯಲ್ಲಿನ ಸೌಟು ನಿಂತಿತು. ಮತ್ತೆ ಅಲ್ಲಾಡಿತು. ಹುಗ್ಗಿ ಬಡಿಸಿದಳು, ತಾನು ಮಾತ್ರ ಬಾಯಿಗೆ ಹಾಕಲಿಲ್ಲ. ಅಂದಿನಿಂದ ಅವಳ ಮಾತೇ ನಿಂತುಹೋಯಿತು. ಮನೆಯಲ್ಲೇನೋ ಜಗಳವಿರಬೇಕೆಂದು ನಾವು ಕೆದಕಲಿಲ್ಲ.

ವಾರ ಕಳೆಯುವುದರೊಳಗೆ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಇಳಿದವರು ಮೊದಲು ಮಾಡಿದ ಕೆಲಸವೆಂದರೆ ರಾಯರ ಕೈ ನೋಡಿದ್ದು. ಈ ಕಸುಬಿನಲ್ಲಿ ಮೈಮೇಲೆ ಚಿನ್ನ ಇಟ್ಟುಕೊಳ್ಳುವ ಹಾಗಿಲ್ಲ. ಉಂಗುರದ ಕೈಯಲ್ಲಿ ಮಣ್ಣು ಮುಟ್ಟಿದರೆ ಉಂಗುರ ಸವೆದ ಕಣವೇ ಮಣ್ಣಿಗೆ ಸೇರಿ, ಇಲ್ಲದ ಚಿನ್ನವನ್ನು ಇದೆಯೆಂದು ತೋರಿಸುತ್ತದೆ. ಜರಡಿಯೂ ಅಷ್ಟೇ, ನೈಲಾನಿನದೇ ಆಗಬೇಕು. ಹಿತ್ತಾಳೆಯದು ಹಿಡಿದರೆ ತಾಮ್ರ ತಾನೇ ಬಂದು ಕೂಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿಕೊಡುವ ಪಾಠವಿದು. ಮದುವೆಯ ಉಂಗುರ ತೆಗೆದಿಟ್ಟೆನೆಂದು ನನ್ನ ಹೆಂಡತಿ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ರಾಯರು ಹತ್ತೂ ಬೆರಳು ಚಾಚಿ ತೋರಿಸಿದರು. ಬರಿಗೈ ತೋರಿಸಿ ಅವರು ಹೆಮ್ಮೆಪಟ್ಟದ್ದನ್ನು ನಾನು ಕಂಡಿದ್ದು ಆಗೊಮ್ಮೆಯೇ.

ಸಾಹೇಬರು ಖುಷಿಯಾದರು. ಯಂತ್ರ ತರಿಸಿ ದಿಣ್ಣೆಯ ನಡುವೆ ಆಳುದ್ದದ ಕಂದಕ ತೋಡಿಸುವುದು, ಕೆಳಗಿನ ಬಂಡೆ ಚೆನ್ನಾಗಿದ್ದರೆ ಕೊರೆಯಲು ಶುರುಮಾಡುವುದು ಎಂದು ಗೊತ್ತುಮಾಡಿದರು. ಊರಿನವರು ತಕರಾರು ಮಾಡಿದರೆ ಎಂದು ನಾನು ಬಾಯಿತಪ್ಪಿ ಕೇಳಿದೆ. ಅವರು ನಕ್ಕು, ಹಿಂದೆ ಒಂದು ಕಡೆ ಗುಡಿಯನ್ನೇ ಸರಿಸಿದ್ದೇವೆ, ಇನ್ನೊಂದು ಕಡೆ ಗೋರಿಗಳನ್ನು ಎತ್ತಿ ಪಕ್ಕಕ್ಕಿಟ್ಟಿದ್ದೇವೆ, ಎಲ್ಲವನ್ನೂ ಸರಿಸಬಹುದು, ಚಿನ್ನವನ್ನು ಸರಿಸಲಾಗುವುದಿಲ್ಲವಲ್ಲ ಎಂದರು. ಹೇಳಿ ಹುಲಿಗೆವ್ವ ಕೊಟ್ಟ ಚಹಾ ಕುಡಿದು ಹೊರಟುಹೋದರು.

ಆ ಸಂಜೆ ಹುಲಿಗೆವ್ವ ಬಹಳ ದಿನಗಳ ಮೇಲೆ ಬಾಯಿ ಬಿಟ್ಟಳು. ಮೊದಲು ಎಲ್ಲಿ ಅಗೆಯುತ್ತಾರೆ, ಎಷ್ಟು ಆಳ ಅಗೆಯುತ್ತಾರೆ ಎಂದು ರಾಯರನ್ನು ಕೇಳಿದಳು. ಇವಳಿಗೂ ಆಸಕ್ತಿ ಬಂತಲ್ಲ ಎಂದು ಅವರು ಎದ್ದು ನಿಂತು ತಮ್ಮ ನೆತ್ತಿಯ ಮೇಲೆ ಕೈಯಿಟ್ಟು ಇಷ್ಟು ಆಳ ಎಂದು ತೋರಿಸಿದರು. ಅವಳು ಹೂಂಗುಟ್ಟಿ ಒಲೆಯ ಮುಂದೆ ಹೋಗಿ ಕುಳಿತಳು.

ಮರುದಿನ ಬೆಳಗ್ಗೆ ನೋಡಿದರೆ ದಿಣ್ಣೆಯ ಗೂಟಗಳೆಲ್ಲ ಕಿತ್ತುಬಂದಿದ್ದವು. ಮುರಿದಿರಲಿಲ್ಲ, ಎಸೆದಿರಲಿಲ್ಲ. ಒಂದರ ಮೇಲೊಂದು ಓರಣವಾಗಿ ಜೋಡಿಸಿ ನಮ್ಮ ಡೇರೆಯ ಬಳಿ ಇಟ್ಟಿದ್ದರು. ಬೈದುಕೊಳ್ಳುತ್ತ ಮತ್ತೆ ನೆಟ್ಟು ಬಂದೆ. ಮತ್ತೆ ಕಿತ್ತುಬಂದವು. ಇದು ಊರಿನವರ ಕಿತಾಪತಿ, ಪೊಲೀಸರಿಗೆ ಹೇಳೋಣವೆಂದೆ. ರಾಯರು ಬೇಡವೆಂದರು. ಅವರ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು. ಚಿನ್ನವಿರುವ ಕಡೆ ಸುತ್ತಲಿನ ಕಲ್ಲಿನಲ್ಲಿ ಏನಾದರೊಂದು ಗುರುತು ಇರಲೇಬೇಕಂತೆ, ಬಿಳಿಕಲ್ಲಿನ ಎಳೆಯೋ, ತುಕ್ಕು ಬಣ್ಣವೋ. ಆ ದಿಣ್ಣೆಯ ಸುತ್ತ ಏನೇನೂ ಇರಲಿಲ್ಲ. ಯಂತ್ರ ಬರುವ ಮೊದಲು ಒಂದು ಸಲ ಮಣ್ಣು ತೊಳೆದು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾವಿಬ್ಬರೂ ದಿಣ್ಣೆಯ ಮೇಲುಗಡೆಯ ಗುಣಿಯನ್ನು ಇನ್ನಷ್ಟು ಆಳಕ್ಕೆ ತೋಡಿ ಒಂದು ಬುಟ್ಟಿ ಮಣ್ಣು ಹೊತ್ತು ಹಳ್ಳಕ್ಕೆ ಇಳಿದೆವು. ಅಗಲವಾದ ಮರದ ಮರಿಗೆಯಲ್ಲಿ ಮಣ್ಣು ಹಾಕಿ, ನೀರು ತುಂಬಿಸಿ, ರಾಯರು ಅತ್ತಿತ್ತ ತೂಗತೊಡಗಿದರು. ಕೆಂಪು ನೀರು ಹರಿದುಹೋಯಿತು, ಮರಳು ಹೋಯಿತು, ಕೊನೆಗೆ ತಳದಲ್ಲಿ ಕರಿಪುಡಿ ಉಳಿಯಿತು. ಅದರ ಅಂಚಿನಲ್ಲಿ ಹಳದಿಯದೊಂದು ಮಿಣುಕು. ರಾಯರ ಉಸಿರು ನನಗೆ ಕೇಳಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ತಾವು ಹುಡುಕಿದ ಚಿನ್ನವನ್ನು ಬೆರಳ ತುದಿಗೆ ಎತ್ತಿಕೊಂಡು ಬಿಸಿಲಿಗೆ ಹಿಡಿದರು.

ಅದು ಕಣವಲ್ಲ, ಗುಂಡು. ಮೆಣಸಿನ ಕಾಳಿನಷ್ಟು ದುಂಡಗಿನ, ಒಂದು ಕಡೆ ಜಜ್ಜಿಹೋದ ಚಿನ್ನದ ಗುಂಡು. ನಡುವೆ ದಾರ ಪೋಣಿಸುವ ತೂತಿತ್ತು.

ರಾಯರು ಮರಿಗೆಯ ಮಣ್ಣಿನಲ್ಲಿ ಮತ್ತೆ ಬೆರಳಾಡಿಸಿದರು. ಹಸಿರುಗಟ್ಟಿದ ತಾಮ್ರದ ಒಂದು ಬಳೆ ಸಿಕ್ಕಿತು. ಬಳೆಯೆಂದರೆ ಬಳೆಯೂ ಅಲ್ಲ, ಕಡಗ. ಅವರು ಅದನ್ನು ತಮ್ಮ ಮೂರು ಬೆರಳು ಜೋಡಿಸಿ ತೂರಿಸಲು ನೋಡಿದರು, ಉಗುರು ದಾಟಿ ಇಳಿಯಲಿಲ್ಲ. ನಾನು ಇನ್ನೂ ದಡ್ಡನಂತೆ, ಯಾರೋ ಹಿಂದಿನವರು ಹೂತಿಟ್ಟ ನಿಧಿ ಇರಬೇಕಲ್ಲವೇ ರಾಯರೇ ಎನ್ನುತ್ತಿದ್ದೆ. ಅವರು ಉಟ್ಟಬಟ್ಟೆಯಲ್ಲೇ ನೀರಿನಲ್ಲಿ ಕುಸಿದು ಕುಳಿತರು.

ಹುಲಿಗೆವ್ವ ಕೊಡ ಹಿಡಿದುಕೊಂಡು ದಂಡೆಯ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ರಾಯರು ಅವಳ ಕಡೆ ಅಂಗೈ ಚಾಚಿದರು. ಅವಳು ಥಟ್ಟನೆ ಮುಖ ತಿರುಗಿಸಿದಳು.

"ಅದನ್ನ ನನಗ ತೋರಿಸಬ್ಯಾಡ್ರಿ ರಾಯರ. ನಾ ನೋಡಬಾರದು."

ಆಮೇಲೆ ಅವಳು ನಮಗೆ ಬೆನ್ನು ಮಾಡಿಯೇ ಕುಳಿತು ಎಲ್ಲವನ್ನೂ ಹೇಳಿದಳು. ಅವರ ಊರಿನಲ್ಲಿ ಹಲ್ಲು ಬರುವ ಮೊದಲೇ ತೀರಿಹೋದ ಕೂಸುಗಳನ್ನು ಸುಡುಗಾಡಿಗೆ ಒಯ್ಯುವುದಿಲ್ಲವಂತೆ. ಆ ದಿಣ್ಣೆಯ ಮೇಲೆ ಮಲಗಿಸುತ್ತಾರೆ. ಒಯ್ಯುವವರು ಊರಿನ ಮುದುಕಿಯರು. ಹೆತ್ತವಳು ತನ್ನ ತಾಳಿಯಿಂದ ಒಂದು ಗುಂಡು ಬಿಚ್ಚಿ ಕೂಸಿನ ಮುಷ್ಟಿಯಲ್ಲಿಟ್ಟು ಕೊಡುತ್ತಾಳೆ, ತಂದೆ ಕಾಲಿಗೊಂದು ತಾಮ್ರದ ಕಡಗ ಹಾಕುತ್ತಾನೆ. ಅಷ್ಟೇ. ಅಪ್ಪ ಅವ್ವ ಹಿಂದೆ ಹೋಗುವ ಹಾಗಿಲ್ಲ. ಕಲ್ಲು ನೆಡುವುದಿಲ್ಲ, ಗುರುತು ಇಡುವುದಿಲ್ಲ, ಎಲ್ಲಿ ಮಲಗಿಸಿದೆವೆಂದು ಮುದುಕಿಯರು ಸಾಯುವವರೆಗೂ ಬಾಯಿ ಬಿಡುವುದಿಲ್ಲ. ಜಾಗ ಗೊತ್ತಾದರೆ ಹೆತ್ತವಳು ಅಲ್ಲಿಂದ ಏಳುವುದಿಲ್ಲ, ಮನೆಯಲ್ಲಿರುವ ಮಕ್ಕಳು ಅನಾಥರಾಗುತ್ತಾರೆ ಎಂದು ಹಿಂದಿನವರು ಹೀಗೆ ಮಾಡಿಟ್ಟಿದ್ದರು. ದಿಣ್ಣೆಗೆ ಹೆಸರೂ ಇಲ್ಲ. ಅದರ ಮಾತನ್ನೇ ಯಾರೂ ಎತ್ತುವುದಿಲ್ಲ. ರಾಯರು ಕೇಳಿದ್ದು ಸುಡುಗಾಡನ್ನು, ಊರಿನವರು ತೋರಿಸಿದ್ದೂ ಸುಡುಗಾಡನ್ನೇ. ಹೀಗೆ ತಲೆತಲಾಂತರದ ಕೂಸುಗಳ ಮುಷ್ಟಿಯ ಚಿನ್ನ ಆ ಮಣ್ಣಿನಲ್ಲಿ ಸೇರಿಹೋಗಿತ್ತು. ನಾವು ಅದಕ್ಕೆ ಕೆಂಪು ಬಟ್ಟೆ ಕಟ್ಟಿ ಹುಗ್ಗಿ ಉಂಡಿದ್ದೆವು.

ಸೋಮಾರಿಗಳೆಂದು ನಾನು ಬೈದ ಆಳುಗಳಲ್ಲಿ ಯಾರ ಯಾರ ಮಕ್ಕಳು ಅಲ್ಲಿದ್ದವೋ.

ನಿನ್ನದೂ ಇದೆಯೇನವ್ವಾ ಎಂದು ರಾಯರು ಮೆಲ್ಲಗೆ ಕೇಳಿದರು. ಹುಲಿಗೆವ್ವ ಸೆರಗಿನೊಳಗಿಂದ ತಾಳಿ ಎಳೆದು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದಳು. ಬಿಲ್ಲೆಯ ಎಡಕ್ಕೆ ಸಾಲಾಗಿ ಗುಂಡುಗಳಿದ್ದವು. ಬಲಕ್ಕೆ ಬರೀ ಕರಿಮಣಿ.

"ಗೂಟ ಕಿತ್ತಾಕಿ ನಾನ ರೀ. ಯಾವ್ಯಾವ ಜಾಗ ನನ್ನವು ಅಂತ ನನಗ ಗೊತ್ತಿಲ್ಲ. ಅದಕ್ಕ ದಿಣ್ಣಿ ಮ್ಯಾಲಿನವು ಎಲ್ಲಾನೂ ನನ್ನವ ಅಂತ ತಿಳಕೊಂಡು ಬದುಕೇನಿ. ನೀವು ಎಲ್ಲಿ ಗುದ್ದಲಿ ಹಾಕಿದ್ರೂ ಅದು ನನ್ನ ಕೂಸಿಗೇ ಬಡೀತೈತಿ."

ರಾಯರು ಆ ಗುಂಡನ್ನೂ ಕಡಗವನ್ನೂ ಮುಷ್ಟಿಯಲ್ಲಿ ಬಿಗಿಹಿಡಿದರು. ಯಾರೂ ಕೇಳದಿದ್ದರೂ ತಮ್ಮ ಸಂಗತಿ ಹೇಳಿದರು. ಅವರಿಗೂ ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಇವರು ಯಾವುದೋ ಕಾಡುಗುಡ್ಡದಲ್ಲಿ ಇದೇ ಕೆಲಸದಲ್ಲಿದ್ದರು. ಮಗು ಹುಟ್ಟಿದ ಸುದ್ದಿ, ಹೋದ ಸುದ್ದಿ ಎರಡೂ ಒಟ್ಟಿಗೆ ಬಂದವು. ಇವರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಲ್ಲಿ ಎಂದು ಮಾವನವರನ್ನು ಕೇಳಿದರೆ, ಅದನ್ನೆಲ್ಲ ಕೇಳಬಾರದು ಎಂದುಬಿಟ್ಟರು. ಹೆಂಡತಿಗೂ ಗೊತ್ತಿರಲಿಲ್ಲ. ಇವರು ರಜೆ ಸಿಕ್ಕಾಗಲೆಲ್ಲ ಆ ಊರಿಗೆ ಹೋಗಿ ಹೊರವಲಯದ ಹೊಲ, ತೋಪು, ಹಳ್ಳದ ದಂಡೆಗಳಲ್ಲಿ ಹುಚ್ಚರಂತೆ ಅಲೆದರು. ಹೆಂಡತಿ ತೀರಿಕೊಂಡ ಮೇಲೂ ಅಲೆದರು.

"ನೆಲ ನೋಡಿ ಎಲ್ಲಿ ಅಗೆದಿದ್ದಾರೆಂದು ಹೇಳಬಲ್ಲೆ ಅಂತ ನನಗೆ ಭಾರೀ ಜಂಬವಿತ್ತು," ಎಂದರು. "ಸಿಗಲಿಲ್ಲ."

ಅವರು ಅತ್ತುಬಿಟ್ಟರು. ನಾನೂ ಅತ್ತೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹುಲಿಗೆವ್ವ ಮಾತ್ರ ಅಳಲಿಲ್ಲ, ಬೆನ್ನು ತಿರುಗಿಸಿಕೊಂಡೇ ಕುಳಿತಿದ್ದಳು. ಹೊತ್ತು ಇಳಿದಮೇಲೆ ರಾಯರು ಗುಂಡನ್ನೂ ಕಡಗವನ್ನೂ ಅದೇ ಗುಣಿಯಲ್ಲಿಟ್ಟು, ಬುಟ್ಟಿಯಲ್ಲಿ ಉಳಿದಿದ್ದ ಮಣ್ಣು ಸುರಿದು, ಕೈಯಲ್ಲೇ ಸವರಿ ಸಮಮಾಡಿ ಬಂದರು.

ಸಾಹೇಬರಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಡೋಣವೆಂದು ನಾನು ಹೇಳಿದೆ. ರಾಯರು ಬೇಡವೆಂದು ತಲೆಯಾಡಿಸಿದರು. ಹೇಳಿದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು. ಸಾಹೇಬರು ಹೌದೇ ಪಾಪ ಎಂದು ನಿಟ್ಟುಸಿರುಬಿಟ್ಟು, ಮೂಳೆ ಪಕ್ಕಕ್ಕಿಡಿಸಿ, ಕೆಳಗಿನ ಬಂಡೆ ಹೇಗಿದೆ ಅಂತ ಒಂದು ಸಲ ನೋಡಿಯೇ ಬಿಡೋಣ ಎನ್ನುತ್ತಿದ್ದರು. ದಾಖಲೆಯಲ್ಲಿ ಇಲ್ಲದ, ಕಲ್ಲಿಲ್ಲದ, ಹೆಸರೇ ಇಲ್ಲದ ಜಾಗಕ್ಕೆ ಯಾರು ಅಡ್ಡ ನಿಲ್ಲುತ್ತಾರೆ? ಆ ದಿಣ್ಣೆಯ ಮೇಲೆ ಯಾರಿಗೂ ಆಸೆಯೇ ಉಳಿಯದ ಹಾಗೆ ಆಗಬೇಕು ಎಂದರು ರಾಯರು. ಹೇಳಿ ತಮ್ಮ ಕಬ್ಬಿಣದ ಪೆಟ್ಟಿಗೆ ತೆಗೆದು ತಳದಿಂದ ಒಂದು ಚಿಕ್ಕ ಪೊಟ್ಟಣ ಬಿಚ್ಚಿದರು. ಅವರ ಮದುವೆಯ ಉಂಗುರ. ಕೆಲಸಕ್ಕೆ ಸೇರಿದ ದಿನ ತೆಗೆದಿಟ್ಟದ್ದು, ಮತ್ತೆ ಹಾಕಿರಲಿಲ್ಲ. ಸುತ್ತಿಗೆ ಹಿಡಿದು ಹಿಡಿದು ಬೆರಳಿನ ಗಂಟು ದಪ್ಪವಾಗಿತ್ತು, ಉಂಗುರ ಏರಲಿಲ್ಲ. ಸೋಪು ಹಚ್ಚಿ, ಹಲ್ಲು ಕಚ್ಚಿ, ಚರ್ಮ ಕಿತ್ತು ರಕ್ತ ಬಂದರೂ ಬಿಡದೆ ಒಳಗೆ ನೂಕಿದರು. ಆಮೇಲೆ ಅಡುಗೆ ಡೇರೆಯಿಂದ ಹಿಟ್ಟು ಸೋಸುವ ಹಿತ್ತಾಳೆಯ ಸಾಣಿಗೆ ಕೇಳಿ ಇಸಿದುಕೊಂಡರು.

ಆಗ ನನಗೆ ತಿಳಿಯಿತು. ಬೇಡ ರಾಯರೇ, ಇಷ್ಟು ವರ್ಷದ ನಿಮ್ಮ ಹೆಸರು ಮಣ್ಣುಪಾಲಾಗುತ್ತದೆ ಎಂದು ಕೈ ಹಿಡಿದುಕೊಂಡೆ.

"ಹೆಸರು ಹೇಗೂ ಬರಿಗೈ ಅಂತಲೇ ಇದೆಯಲ್ಲ ಸರ್ವೆಯವರೇ," ಎಂದರು. "ಇನ್ನು ಕಳೆದುಕೊಳ್ಳುವುದೇನೂ ಇಲ್ಲ."

ಯಂತ್ರದ ಲಾರಿಯ ಹಿಂದೆಯೇ ಸಾಹೇಬರು ಬಂದರು. ರಾಯರು ಎದುರು ನಿಂತು ತಪ್ಪೊಪ್ಪಿಕೊಂಡರು. ಆಳುಗಳು ಬಾರದ ದಿನ ಆತುರದಲ್ಲಿ ಉಂಗುರ ತೆಗೆಯುವುದು ಮರೆತೆ, ನೈಲಾನ್ ಜರಡಿ ಹರಿದಿತ್ತೆಂದು ಅಡುಗೆಯ ಸಾಣಿಗೆಯಲ್ಲೇ ಮಣ್ಣು ಸೋಸಿದೆ, ಕಳೆದ ಸಲ ನೀವು ಬಂದಾಗ ಹೆದರಿ ಉಂಗುರ ಬಚ್ಚಿಟ್ಟಿದ್ದೆ ಎಂದರು. ಸಾಹೇಬರು ನಂಬಲಿಲ್ಲ. ಉಂಗುರ ಬೆರಳಿಗೆ ಕಚ್ಚಿಕೊಂಡಿದ್ದನ್ನು ನೋಡಿದರು, ಸಾಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿಜವೇನಯ್ಯ ಎಂದು ನನ್ನನ್ನು ಕೇಳಿದರು. ನಿಜ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ನಾನು ಹೇಳಿದ ಸುಳ್ಳುಗಳಲ್ಲಿ ಅಷ್ಟು ಸಲೀಸಾಗಿ ನಾಲಗೆಗೆ ಬಂದದ್ದು ಇನ್ನೊಂದಿಲ್ಲ.

ಆಮೇಲೆ ಸಾಹೇಬರು ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಆಳುಗಳ ಮುಂದೆ, ಲಾರಿಯವನ ಮುಂದೆ, ಮಗನ ವಯಸ್ಸಿನವನು ಅಷ್ಟು ದೊಡ್ಡ ಮನುಷ್ಯನನ್ನು ಕಳ್ಳನನ್ನು ನಿಲ್ಲಿಸಿದಂತೆ ನಿಲ್ಲಿಸಿ ಬೈದ. ರಾಯರು ತಲೆ ತಗ್ಗಿಸಿ ಕೇಳಿಸಿಕೊಂಡರು. ಈ ಗುಡ್ಡದ ಹೆಸರನ್ನು ಇನ್ನು ಯಾರೂ ನನ್ನ ಮುಂದೆ ಎತ್ತಬಾರದು ಎಂದು ಕೊನೆಗೆ ಸಾಹೇಬ ಕೂಗಿದ. ರಾಯರಿಗೆ ಬೇಕಾಗಿದ್ದು ಅದೇ ಮಾತು. ಯಂತ್ರ ಲಾರಿಯಿಂದ ಇಳಿಯದೆ ತಿರುಗಿಹೋಯಿತು.

ಮುಂದೆ ಬಹಳ ವರ್ಷ ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ, ಮುಕುಂದರಾಯರ ಹಾಗೆ ಉಂಗುರ ಹಾಕಿಕೊಂಡು ಗುಡ್ಡಕ್ಕೆ ಹೋಗಬೇಡಿ ಎಂದು ಹೇಳಿ ನಗಿಸುತ್ತಿದ್ದರು. ನಾನು ಆ ಕೋಣೆಯಲ್ಲಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ.

ಶಿಬಿರ ಎತ್ತುವ ದಿನ ನಾನು ಗುಡ್ಡದ ಗೂಟಗಳನ್ನೆಲ್ಲ ಕಿತ್ತು ಕಟ್ಟು ಕಟ್ಟಿದೆ. ಆಳುಗಳು ಯಾರೂ ಕರೆಯದೆಯೇ ಬಂದು ಸಾಮಾನು ಹೊತ್ತರು. ರಾಯರ ಬೆರಳು ಊದಿ ಕಪ್ಪಾಗಿತ್ತು, ಉಂಗುರ ಹೊರಗೆ ಬರುತ್ತಿರಲಿಲ್ಲ. ಹುಲಿಗೆವ್ವ ಅವರನ್ನು ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂಡಿಸಿ, ಬೆರಳಿಗೆ ಕುಸುಬಿ ಎಣ್ಣೆ ಹಚ್ಚಿ, ಒತ್ತಾಗಿ ದಾರ ಸುತ್ತಿ, ನೋವಾಗದಂತೆ ತಿರುಗಿಸಿ ತಿರುಗಿಸಿ ಉಂಗುರ ಬಿಡಿಸಿದಳು. ಬಿಡಿಸಿದ್ದನ್ನು ಅವರ ಕೈಗೆ ಕೊಡದೆ ತನ್ನ ಅಂಗೈಯಲ್ಲೇ ಇಟ್ಟುಕೊಂಡಳು.

"ನಿಮ್ಮ ಕೂಸಿನ ಕೈಯಾಗ ಏನು ಇಟ್ಟು ಕಳಿಸಿದ್ರಿ ರಾಯರ?"

"ಏನೂ ಇಲ್ಲವ್ವ. ನಾನು ಅಲ್ಲಿರಲೇ ಇಲ್ಲ."

"ಹಂಗಾರ ಇದನ್ನ ಈಗ ಕೊಡ್ರಿ. ಯಾವುದು ಯಾರದು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮದೂ ಅಲ್ಲೇ ಐತಿ ಅಂತ ತಿಳಕೋರಿ."

ರಾಯರು ಹೂಂ ಎಂದು ತಲೆಯಾಡಿಸಿದರು. ಅವಳು ಉಂಗುರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು.

"ಹೆತ್ತವರು ನೋಡಬಾರದು. ಆ ಕಡೆ ಮುಖ ಮಾಡಿ ಕುಂದರ್ರಿ."

ರಾಯರು ಗುಡ್ಡಕ್ಕೆ ಬೆನ್ನು ಮಾಡಿ ಕುಳಿತರು. ಹುಲಿಗೆವ್ವ ಹಳ್ಳ ದಾಟಿ ಮೇಲಕ್ಕೆ ಹತ್ತತೊಡಗಿದಳು. ನಾನೂ ಬೇರೆ ಕಡೆ ತಿರುಗಿ ನಿಂತೆ. ಬಹಳ ಹೊತ್ತಿನ ಮೇಲೆ ಅವಳು ಇಳಿದು ಬಂದಳು, ನೀರಿಗೆ ಬಗ್ಗಿ ಉಗುರಿನ ಸಂದಿಯ ಕೆಂಪು ಮಣ್ಣು ತೊಳೆದುಕೊಂಡಳು. ಆಯಿತೆಂದು ಅವಳು ಹೇಳಿದ ಮೇಲೂ ರಾಯರು ಹಾಗೆಯೇ ಕುಳಿತಿದ್ದರು, ಎಣ್ಣೆ ಮೆತ್ತಿದ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಗುಡ್ಡದ ಕಡೆ ತಿರುಗಿ ನೋಡಲಿಲ್ಲ.